ಅಳಿಸೋದಾ, ತೆಗೆಯೋದಾ, ಬಾಗಿಲು ಹಾಕೋದಾ? ಗ್ರೂಪ್ ಅಡ್ಮಿನ್‌ಗಳಿಗೆ ಒಂದು ಹೋಲಿಕೆ

ಮೊನ್ನೆ ಭಾನುವಾರ ಬೆಳಿಗ್ಗೆ ಪಕ್ಕದ ಬಡಾವಣೆಯ ಸಂಘದ ಕಾರ್ಯದರ್ಶಿ ಫೋನ್ ಮಾಡಿದ್ದರು. "ಮೇಡಂ, ನಿಮ್ಮ ವಾಟ್ಸಾಪ್ ಗ್ರೂಪಿನ ಗಲಾಟೆ ಹೇಗೆ ನಿಲ್ಲಿಸಿದ್ರಿ? ನಮ್ಮಲ್ಲಿ ಒಬ್ಬರನ್ನ ತೆಗೆದುಹಾಕಿ ಅಂತ ಕೆಲವರು, ಗ್ರೂಪೇ ಬಂದ್ ಮಾಡಿ ಅಂತ ಕೆಲವರು, ಸ್ಟೇಷನ್‌ಗೆ ಹೋಗೋಣ ಅಂತ ಇನ್ನು ಕೆಲವರು. ನನಗಂತೂ ತಲೆ ಕೆಟ್ಟುಹೋಗಿದೆ."

ಈ ವರ್ಷ ನನಗೆ ಬಂದ ಇಂಥ ನಾಲ್ಕನೇ ಕರೆ ಇದು. ಹಿಂದಿನ ಮೂರರಲ್ಲಿ ಒಂದು ಅಪಾರ್ಟ್‌ಮೆಂಟಿನದು, ಒಂದು ಶಾಲೆಯ ಪೋಷಕರ ಗ್ರೂಪಿನದು, ಇನ್ನೊಂದು ನಮ್ಮ ಸೋದರತ್ತೆ ಮಗಳದು. ಅವಳದು ಬರೀ ಕುಟುಂಬದ ಗ್ರೂಪು, ಅಲ್ಲೇ ಜಗಳ ಜೋರು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅದೇ ಪುರಾಣ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು. ನಮ್ಮಲ್ಲಿ ಗಲಾಟೆ ಪೂರ್ತಿ ನಿಂತಿಲ್ಲ ಅನ್ನುವುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಲೆಕ್ಕ ಕೇಳುವ ಜಗಳ ಈಗಲೂ ಇದೆ, ಇರಲಿ ಕೂಡ. ನಿಂತಿರುವುದು ಮನುಷ್ಯರ ಮೈಮೇಲೆ ಬೀಳುವ ಜಗಳ.

ನಮ್ಮದು ಬೆಂಗಳೂರಿನ ಅಂಚಿನಲ್ಲಿ 86 ಮನೆಗಳ ಬಡಾವಣೆ. 2024ರ ಬೇಸಿಗೆಯಲ್ಲಿ ಊರಿಗೆ ಊರೇ ನೀರಿಗೆ ಪರದಾಡಿತಲ್ಲ, ಆಗ ನಮ್ಮ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಕೈಕೊಟ್ಟಿತು. ದಿನಕ್ಕೆ ಮೂರು ನಾಲ್ಕು ಟ್ಯಾಂಕರ್ ತರಿಸುತ್ತಿದ್ದೆವು. ಒಂದು ರಾತ್ರಿ 10:40ಕ್ಕೆ ಒಬ್ಬರು ಗ್ರೂಪಿನಲ್ಲಿ ಹಾಕಿದರು: "ಟ್ಯಾಂಕರ್ ಬಿಲ್ ದಯವಿಟ್ಟು ಹಾಕಿ." ಖಜಾಂಚಿ ಬರೆದರು: "ತಿಂಗಳ ಕೊನೆಗೆ ಎಲ್ಲ ಸೇರಿಸಿ ಹಾಕ್ತೀನಿ ಸಾರ್." ಎರಡು ನಿಮಿಷ ಬಿಟ್ಟು ಉತ್ತರ ಬಂತು: "ಅಷ್ಟರಲ್ಲಿ ನಿನ್ನ ಮನೆ ಎರಡನೇ ಮಹಡಿ ಎದ್ದಿರುತ್ತೆ ಬಿಡು." ಅದಕ್ಕೆ ಮೂರು ಜನ ಥಂಬ್ಸ್ ಅಪ್ ಒತ್ತಿದರು. ಹನ್ನೊಂದು ಗಂಟೆಯೊಳಗೆ 61 ಮೆಸೇಜು.

ಮರುದಿನ ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದರೆ ಖಜಾಂಚಿ ನಿಂತಿದ್ದರು. ನಿವೃತ್ತ ಮೇಷ್ಟ್ರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಲೆಕ್ಕದ ಪುಸ್ತಕ. ಪ್ರತಿ ಟ್ಯಾಂಕರಿನ ಚೀಟಿಯನ್ನೂ ದಿನಾಂಕದ ಪ್ರಕಾರ ಪಿನ್ ಹೊಡೆದು ಇಟ್ಟಿದ್ದರು, ಟ್ಯಾಂಕರ್ ಹುಡುಗನ ಒದ್ದೆ ಕೈಯ ಸಹಿ ಕೆಲವು ಕಡೆ ಕಲಸಿಹೋಗಿತ್ತು. "ಇದು ನಿಮ್ಮ ಹತ್ರ ಇರಲಿ ಅಮ್ಮ" ಅಂದವರು ಒಳಗೆ ಬನ್ನಿ ಅಂದರೂ ಬರಲಿಲ್ಲ.

ಅಡ್ಮಿನ್ ಆಗಿದ್ದ ನಾನು ಆ ರಾತ್ರಿ ಏನು ಮಾಡಿದೆ ಅಂದರೆ, ಮೆಸೇಜುಗಳನ್ನು ಓದುತ್ತಾ ಕೂತಿದ್ದೆ.

ಆಮೇಲೆ ಎರಡು ವರ್ಷ ಒಂದೊಂದೇ ದಾರಿ ಹಿಡಿದು ನೋಡಿದ್ದೇವೆ. ಅವುಗಳನ್ನು ಹೋಲಿಸುವ ಮುಂಚೆ ಯಾವುದರ ಮೇಲೆ ಅಳೆಯಬೇಕು ಅನ್ನುವುದು ಮುಖ್ಯ.

ಅಳತೆಗೋಲು

ಮೊದಲ ಪ್ರಶ್ನೆ: ಬೈದವರೂ ಬೈಸಿಕೊಂಡವರೂ ನಾಳೆ ಮುಖ ನೋಡಬೇಕಾ? ಒಂದೇ ಲಿಫ್ಟು, ಒಂದೇ ಗೇಟು, ಒಂದೇ ಮದುವೆಮನೆಯ ಪಂಕ್ತಿ ಅಂದರೆ ಉತ್ತರ ಹೌದು. ಸಾವಿರ ಜನರ ಹಳೆ ವಿದ್ಯಾರ್ಥಿಗಳ ಗ್ರೂಪಾದರೆ ಬಹುಶಃ ಇಲ್ಲ. ನನ್ನ ಪ್ರಕಾರ ಮಿಕ್ಕ ಎಲ್ಲ ಪ್ರಶ್ನೆಗಳಿಗಿಂತ ಇದೇ ಹೆಚ್ಚು ತೂಕದ್ದು. ಮುಖ ನೋಡಲೇಬೇಕಾದವರ ನಡುವೆ ಬಟನ್ ಒತ್ತಿ ಬಗೆಹರಿಸಿದ್ದು ಬಗೆಹರಿದಿರುವುದಿಲ್ಲ.

ಎರಡನೆಯದು, ಗ್ರೂಪಿನಲ್ಲಿ ಬರುವ ಮಾಹಿತಿ ಎಲ್ಲರಿಗೂ ತಲುಪಲೇಬೇಕಾ? ನೀರು ಬಿಡುವ ಹೊತ್ತು, ಶಾಲೆಯ ರಜೆ, ಮಹಾಸಭೆಯ ನೋಟಿಸು ತಲುಪದಿದ್ದರೆ ನಷ್ಟ ಉಂಟು. ಗುಡ್ ಮಾರ್ನಿಂಗ್ ಹೂವು ತಲುಪದಿದ್ದರೆ ಲಾಭವೇ ಇರಬಹುದು.

ಮೂರನೆಯದು ಅಡ್ಮಿನ್‌ಗೆ ಇರುವ ಹೊತ್ತು. ದಿನಕ್ಕೆ ಹತ್ತು ನಿಮಿಷ ಕೊಡಬಲ್ಲವರಿಗೆ ಆಗುವ ವ್ಯವಸ್ಥೆ ಬೇರೆ, ಒಂದು ಗಂಟೆ ಕೊಡಬಲ್ಲವರಿಗೆ ಬೇರೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉತ್ಸಾಹದಲ್ಲಿ ಆರು ನಿಯಮ ಮಾಡಿ, ಮೂರನೇ ವಾರ ಕೈಬಿಡುತ್ತಾರೆ.

ನಾಲ್ಕನೆಯದು, ಪೆಟ್ಟು ಬಿದ್ದಿದ್ದು ಯಾರಿಗೆ? ಪದಾಧಿಕಾರಿಗೆ ನಾಲ್ಕು ಮಾತು ಬರುವುದು ಬೇರೆ. ಬಾಡಿಗೆಗೆ ಬಂದ ಒಂಟಿ ಹೆಣ್ಣುಮಗಳಿಗೋ, ಸೆಕ್ಯೂರಿಟಿಯವರಿಗೋ, ಒಂದು ಜಾತಿ ಧರ್ಮದ ಹೆಸರು ಹಿಡಿದೋ ಬಂದರೆ ಅದು ಬೇರೆಯೇ ವಿಷಯ. ಅಲ್ಲಿ ತಾಳ್ಮೆ ಒಳ್ಳೆಯ ಗುಣ ಅಲ್ಲ.

ಖರ್ಚು ಕೊನೆಯದು, ಅದೂ ಎಲ್ಲ ದಾರಿಗೂ ಬರುವುದಿಲ್ಲ.

ಇದಕ್ಕೂ ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಟೀಕೆ ಯಾವುದು, ವೈಯಕ್ತಿಕ ದಾಳಿ ಯಾವುದು? "ಈ ಸಮಿತಿಗೆ ಲೆಕ್ಕ ಇಡೋಕೆ ಬರಲ್ಲ" ಅನ್ನುವುದು ಖಾರವಾದರೂ ಟೀಕೆಯೇ. ಅದನ್ನು ಅಳಿಸುವ ಅಡ್ಮಿನ್ ತನ್ನ ಕುರ್ಚಿ ಕಾಯುತ್ತಿದ್ದಾನೆ ಅಷ್ಟೆ. ಕನ್ನಡದಲ್ಲಿ ಈ ಗೆರೆ ದಾಟಿದ್ದು ಗೊತ್ತಾಗಲು ಒಂದು ಒಳ್ಳೆಯ ಗುರುತಿದೆ: ಅಲ್ಲಿಯವರೆಗೆ "ನೀವು" ಅನ್ನುತ್ತಿದ್ದವರು "ನೀನು" ಅಂದ ಕ್ಷಣ, "ಅವರು" ಹೋಗಿ "ಅವನು" "ಅವಳು" ಆದ ಕ್ಷಣ. ಆ ರಾತ್ರಿಯ ಮೆಸೇಜನ್ನು ಮತ್ತೆ ಓದಿ. ಎರಡನೇ ಮಹಡಿಗಿಂತ ಮೇಷ್ಟ್ರಿಗೆ ಚುಚ್ಚಿದ್ದು ಆ "ನಿನ್ನ" ಮತ್ತು ಕೊನೆಯ "ಬಿಡು". ಹಾಗಂತ ಬಹುವಚನ ಇದ್ದ ಕಡೆಯೆಲ್ಲ ಮರ್ಯಾದೆ ಇದೆ ಅಂತಲ್ಲ. "ನಮ್ಮ ಹರಿಶ್ಚಂದ್ರರು ಇನ್ನೂ ಲೆಕ್ಕ ಕೊಟ್ಟಿಲ್ವಾ?" ಅನ್ನುವುದರಲ್ಲಿ ಬಹುವಚನವೇ ಬೈಗುಳ. ಹೆಸರು ಹೇಳದೆ "ಕೆಲವರಿಗೆ" ಅಂತ ಶುರುವಾಗುವ ಮೆಸೇಜುಗಳದು ಇನ್ನೊಂದು ಜಾತಿ. ಕೇಳಿದರೆ "ನಿಮಗೆ ಹೇಳಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀರಿ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ.

ಸುಮ್ಮನಿರುವುದು

ಅತಿ ಹೆಚ್ಚು ಜನ ಹಿಡಿಯುವ ದಾರಿ ಇದು, ದುಡ್ಡೂ ಬೇಡ ಹೊತ್ತೂ ಬೇಡ. ಕೆಲವೊಮ್ಮೆ ಇದೇ ಸರಿ. ಯಾವಾಗಲೂ ಸಿಡುಕುವ, ಎಲ್ಲರಿಗೂ ಸ್ವಭಾವ ಗೊತ್ತಿರುವ ಹಿರಿಯರೊಬ್ಬರು ಸಮಿತಿಯನ್ನು ಬೈದರೆ ಉತ್ತರ ಕೊಡದಿರುವುದೇ ಉತ್ತರ. ಕುಟುಂಬದ ಗ್ರೂಪಿನಲ್ಲಂತೂ ಅರ್ಧದಷ್ಟು ಕಿಡಿಗಳು ಗಾಳಿ ಹಾಕದಿದ್ದರೆ ತಾವೇ ಆರುತ್ತವೆ.

ಆದರೆ ಒಬ್ಬ ನಿರ್ದಿಷ್ಟ ಮನುಷ್ಯನ ಮೇಲೆ ಮಾತು ಬಿದ್ದಾಗ ಅಡ್ಮಿನ್ ಸುಮ್ಮನಿದ್ದರೆ, ಪೆಟ್ಟು ತಿಂದವರು ಎಣಿಸುವುದು ಬೈದವನೊಬ್ಬನನ್ನಲ್ಲ. ನೋಡಿಯೂ ಸುಮ್ಮನಿದ್ದವರೆಲ್ಲರನ್ನೂ ಎಣಿಸುತ್ತಾರೆ. ಮೆಸೇಜನ್ನು ಎಷ್ಟು ಜನ ಓದಿದ್ದಾರೆ ಅಂತ ಕಳಿಸಿದವನಿಗೆ ಮಾತ್ರ ಕಾಣಿಸುತ್ತದೆ ನಿಜ. ಆದರೆ 86 ಮನೆಗಳಲ್ಲಿ ಯಾರು ಓದಿರುತ್ತಾರೆ ಅಂತ ಮೇಷ್ಟ್ರಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಫೋನ್ ಮಾಡಿ ಮಾತಾಡುವುದು

ಮುಖ ನೋಡಬೇಕಾದವರ ಗ್ರೂಪಿಗೆ ನನ್ನ ಮೊದಲ ಆಯ್ಕೆ ಇದೇ. ಗ್ರೂಪಿನಲ್ಲಿ ಒಂದೇ ಸಾಲು: "ಬಿಲ್ ವಿಷಯ ನಾಳೆ ಸಂಜೆಯೊಳಗೆ ಉತ್ತರ ಕೊಡ್ತೀವಿ. ವ್ಯಕ್ತಿಗಳ ಬಗ್ಗೆ ಬರೆದದ್ದು ಬೇಡ." ಅಲ್ಲಿಗೆ ನಿಲ್ಲಿಸಿ. ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಬೇಕು, ಮೊದಲು ಬೈಸಿಕೊಂಡವರಿಗೆ. ಬೈದವರಿಗೆ ಆ ರಾತ್ರಿಯೇ ಮಾಡಬೇಡಿ, ಬೆಳಿಗ್ಗೆ ತಿಂಡಿ ಆದಮೇಲೆ ಮಾಡಿ. ಹೊಟ್ಟೆ ತುಂಬಿದ ಮನುಷ್ಯನ ಜೊತೆ ಅರ್ಧ ಮಾತುಕತೆ ಮುಗಿದಂತೆಯೇ.

ಇದರ ದೊಡ್ಡ ಲಾಭ ಅಂದರೆ ಬೈಗುಳದ ಹಿಂದೆ ಇರುವ ನಿಜವಾದ ದೂರು ಹೊರಬರುತ್ತದೆ. ನಾನು ಒಂದು ವಾರ ತಡವಾಗಿ ಆ ಮಹಾಶಯರಿಗೆ ಫೋನ್ ಮಾಡಿದಾಗ ಗೊತ್ತಾಯಿತು: ಬಿಲ್ ತೋರಿಸಿ ಅಂತ ಅವರು ಸಂಘದ ಕಚೇರಿಗೆ ಮೂರು ಸಲ ಹೋಗಿದ್ದರು, ಮೂರು ಸಲವೂ ಬೀಗ ಹಾಕಿತ್ತು. ಅವರ ಮಾತು ತಪ್ಪು, ಕೇಳಿದ್ದು ಸರಿ. ಎರಡೂ ಒಟ್ಟಿಗೆ ಇರಬಹುದು ಅನ್ನುವುದು ಗ್ರೂಪಿನಲ್ಲಿ ಟೈಪ್ ಮಾಡುತ್ತಾ ಕೂತವರಿಗೆ ಹೊಳೆಯುವುದೇ ಇಲ್ಲ.

ಕಷ್ಟ ಏನೆಂದರೆ ಇದಕ್ಕೆ ಹೊತ್ತು ಬೇಕು, ಜೊತೆಗೆ ಇಬ್ಬರೂ ಒಪ್ಪುವ ಒಬ್ಬ ಮನುಷ್ಯ ಬೇಕು. ಮುನ್ನೂರು ಮನೆ ದಾಟಿದ ಅಪಾರ್ಟ್‌ಮೆಂಟಿನಲ್ಲಿ ಅಂಥವರು ಸಿಗುವುದು ಅಪರೂಪ. ಬೈಸಿಕೊಂಡವರು "ಎಲ್ಲರ ಮುಂದೆ ಬೈದ, ಕ್ಷಮೆ ಮಾತ್ರ ಫೋನಲ್ಲಿ ಕೇಳ್ತಾನಾ?" ಅಂದರೆ ಅದಕ್ಕೂ ಅರ್ಥವಿದೆ. ಹಾಗಾಗಿ ಒಪ್ಪಂದದಲ್ಲಿ ಗ್ರೂಪಿನಲ್ಲಿ ಒಂದು ಸಾಲು ಬರೆಯುವುದೂ ಸೇರಬೇಕು. "ಕ್ಷಮಿಸಿ" ಅನ್ನಲು ಒಪ್ಪದವರೂ "ನಾನು ಹಾಗೆ ಬರೆಯಬಾರದಿತ್ತು" ಅಂತ ಬರೆಯುತ್ತಾರೆ. ಯಾಕೋ ಗೊತ್ತಿಲ್ಲ, ಎರಡನೆಯದು ಬೆರಳಿಗೆ ಹಗುರ.

ಮೆಸೇಜು ಅಳಿಸುವುದು

ವಾಟ್ಸಾಪಿನಲ್ಲಿ ಬೇರೆಯವರ ಮೆಸೇಜನ್ನು ಅಡ್ಮಿನ್ ಎಲ್ಲರಿಗೂ ಕಾಣದಂತೆ ಅಳಿಸುವ ಸೌಲಭ್ಯ 2022ರಲ್ಲಿ ಬಂತು. ಬೇಗ ಆಗುವ ಕೆಲಸ, ಖರ್ಚಿಲ್ಲ. ರಾತ್ರಿ 10:42ಕ್ಕೆ ನಾನು ಮಾಡಬೇಕಾಗಿದ್ದು ಇದನ್ನೇ.

ಆದರೆ ಅಳಿಸಿದ ಜಾಗದಲ್ಲಿ ಇಂಥ ಅಡ್ಮಿನ್ ಅಳಿಸಿದ್ದಾರೆ ಅಂತ ಹೆಸರಿನ ಸಮೇತ ಒಂದು ಸಾಲು ಉಳಿಯುತ್ತದೆ. ಓದದೆ ಮಲಗಿದ್ದವರೂ ಬೆಳಿಗ್ಗೆ ಎದ್ದು "ಏನಿತ್ತು ಅದು?" ಅಂತ ಕೇಳುತ್ತಾರೆ. ಸ್ಕ್ರೀನ್‌ಶಾಟ್ ಇಟ್ಟುಕೊಂಡ ಪುಣ್ಯಾತ್ಮರು ಹಂಚುತ್ತಾರೆ. ಮೊದಲ ಜಗಳ ಖಜಾಂಚಿ ಬಗ್ಗೆ ಇದ್ದದ್ದು ಈಗ ಅಡ್ಮಿನ್ ಬಗ್ಗೆ ಆಗುತ್ತದೆ. ಆದ್ದರಿಂದ ಅಳಿಸಿದ ತಕ್ಷಣ ಕಾರಣ ಬರೆಯಬೇಕು. ನಾವೀಗ ಬರೆಯುವುದು ಹೀಗೆ: "ಬಿಲ್ ಕೇಳಿದ ಪ್ರಶ್ನೆ ಸರಿಯಾಗಿದೆ. ವ್ಯಕ್ತಿಯ ಮನೆ ಬಗ್ಗೆ ಬರೆದ ಸಾಲಿಗಾಗಿ ಅಳಿಸಿದ್ದೇವೆ. ಆ ಸಾಲು ಬಿಟ್ಟು ಮತ್ತೆ ಹಾಕಿ." ನೂರಕ್ಕೆ ನೂರು ಜನ ಮತ್ತೆ ಹಾಕುವುದಿಲ್ಲ, ಆದರೆ ಬಾಯಿ ಮುಚ್ಚಿಸಿದರು ಅನ್ನುವ ಮಾತು ನಿಲ್ಲುತ್ತದೆ.

ಯಾವುದೇ ಮೆಸೇಜನ್ನು ಅಳಿಸುವ ಮುಂಚೆ ಒಂದು ಸ್ಕ್ರೀನ್‌ಶಾಟ್ ತೆಗೆದು ಸಮಿತಿಯ ಬಳಿ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸಿದವರೇ 15 ನಿಮಿಷದೊಳಗೆ ಮೆಸೇಜು ತಿದ್ದಬಹುದು. "ನಾನು ಹಾಗೆ ಬರೆದೇ ಇಲ್ಲ" ಅನ್ನುವುದನ್ನು ನಾನೇ ಎರಡು ಸಲ ಕೇಳಿದ್ದೇನೆ.

ಅಡ್ಮಿನ್ ಮಾತ್ರ ಬರೆಯುವ ಗ್ರೂಪು

2018ರಿಂದ ಈ ಸೆಟಿಂಗ್ ಇದೆ. ಎರಡು ಸಲ ಒತ್ತಿದರೆ ಮುಗಿಯಿತು, ಸ್ಮಶಾನ ಮೌನ. ನಾವೂ ಮಾಡಿದ್ದೆವು, ನಲವತ್ತು ದಿನ.

ಮೊದಲ ವಾರ ಹಬ್ಬದ ಹಾಗಿತ್ತು. ಎರಡನೇ ವಾರ ಗೊತ್ತಾಯಿತು, ಸಮಿತಿಯವರು ಇಲ್ಲದ ಎರಡು ಹೊಸ ಗ್ರೂಪುಗಳು ಹುಟ್ಟಿವೆ. ಒಂದರ ಹೆಸರು "ನಿಜವಾದ ನಿವಾಸಿಗಳು". ಅಲ್ಲಿ ಏನು ನಡೆಯುತ್ತಿತ್ತು ಅಂತ ನಮಗೆ ಕಾಣುತ್ತಿರಲಿಲ್ಲ, ಉತ್ತರ ಕೊಡುವ ದಾರಿಯೂ ಇರಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ನಾನು ಎಣಿಸದೇ ಇದ್ದದ್ದು: "ನಿಮ್ಮಲ್ಲೂ ಕರೆಂಟ್ ಹೋಯ್ತಾ?" ಅನ್ನುವ ಮೆಸೇಜು ನಿಂತುಹೋಯಿತು. ಬಡಾವಣೆಯ ಗ್ರೂಪಿನಲ್ಲಿ ಅದಕ್ಕಿಂತ ಉಪಯೋಗದ ಮೆಸೇಜು ಇನ್ನೊಂದಿಲ್ಲ. ಕಳೆದುಹೋದ ನಾಯಿ, ಅರ್ಜೆಂಟಾಗಿ ಬೇಕಾದ ರಕ್ತ, ಒಂದು ದಿನದ ಮಟ್ಟಿಗೆ ಸಾಲ ಬೇಕಾದ ಸಿಲಿಂಡರು, ಎಲ್ಲವೂ ನಿಂತವು.

ಶಾಲೆಯ ಪೋಷಕರ ಗ್ರೂಪಿಗೆ ಮಾತ್ರ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಅಲ್ಲಿ ಬೇಕಾಗಿರುವುದು ಹೋಮ್‌ವರ್ಕು, ರಜೆ, ಬಸ್ಸಿನ ಹೊತ್ತು. ಮೂವತ್ತು ಜನ ಅಪ್ಪ ಅಮ್ಮಂದಿರ ಎದುರು ಒಬ್ಬ ಮೇಡಂ ಬೈಸಿಕೊಳ್ಳುವ ಅವಕಾಶವೇ ಇರಬಾರದು. ದೂರಿದ್ದರೆ ಶಾಲೆಗೆ ಹೋಗಿ ಹೇಳಲಿ.

ಎರಡು ಕೋಣೆ ಮಾಡುವುದು

ಅಂದರೆ ನೋಟಿಸಿಗೆ ಒಂದು ಗ್ರೂಪು, ಹರಟೆಗೆ ಒಂದು. ವಾಟ್ಸಾಪಿನ ಕಮ್ಯೂನಿಟಿ ಸೌಲಭ್ಯ ಇದಕ್ಕೇ ಇರುವುದು: ಮೇಲೆ ಅಡ್ಮಿನ್‌ಗಳ ಪ್ರಕಟಣೆ, ಕೆಳಗೆ ಬೇಕಾದಷ್ಟು ಗ್ರೂಪುಗಳು. ಪ್ರಕಟಣೆ ಗ್ರೂಪಿನಲ್ಲಿ ಸದಸ್ಯರ ಫೋನ್ ನಂಬರು ಉಳಿದವರಿಗೆ ಕಾಣುವುದಿಲ್ಲ ಅನ್ನುವುದು ಸಣ್ಣ ವಿಷಯವಲ್ಲ. ಗ್ರೂಪಿನಿಂದ ನಂಬರ್ ತೆಗೆದುಕೊಂಡು ರಾತ್ರಿ "ಹಾಯ್" ಕಳಿಸುವವರು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬರಾದರೂ ಇರುತ್ತಾರೆ, ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಆದರೆ ಕೆಳಗಿನ ಹರಟೆ ಗ್ರೂಪಿಗೆ ಸೇರಿದರೆ ನಂಬರು ಅಲ್ಲಿಯವರಿಗೆ ಕಾಣುತ್ತದೆ.

ನಾವು ಈಗ ಇರುವುದು ಈ ವ್ಯವಸ್ಥೆಯಲ್ಲಿ. ಹರಟೆ ಗ್ರೂಪಿನಲ್ಲಿ ಜಗಳ ಎದ್ದರೆ ಅದನ್ನು ಒಂದು ರಾತ್ರಿಯ ಮಟ್ಟಿಗೆ ಮುಚ್ಚುತ್ತೇವೆ, ನೀರಿನ ಸುದ್ದಿ ನಿಲ್ಲುವುದಿಲ್ಲ. ಬೆಳಿಗ್ಗೆ ಏಳಕ್ಕೆ ಮತ್ತೆ ತೆರೆಯುತ್ತೇವೆ. ಎಂಟು ಗಂಟೆ ನಿದ್ದೆಯಾದ ಮೇಲೆ ಅದೇ ಮನುಷ್ಯ ಅದೇ ವಿಷಯವನ್ನು "ನೀವು" ಅಂತಲೇ ಕೇಳುತ್ತಾರೆ.

ಕೊರತೆಯೂ ಇದೆ. ವಯಸ್ಸಾದವರಿಗೆ ಯಾವುದು ಯಾವ ಗ್ರೂಪು ಅಂತ ಗೊಂದಲ. ನಮ್ಮ ಎದುರುಮನೆಯ ಅಜ್ಜಿ ಆರು ತಿಂಗಳು ಪ್ರಕಟಣೆಯನ್ನೇ ತೆರೆದಿರಲಿಲ್ಲ. ನೂರಕ್ಕಿಂತ ಕಡಿಮೆ ಜನರಿದ್ದರೆ, ನಮ್ಮ ಹಾಗೆ ಸುಟ್ಟುಕೊಂಡಿಲ್ಲದಿದ್ದರೆ, ಇಷ್ಟೆಲ್ಲ ಬೇಕಾಗಿಲ್ಲ.

ಟೆಲಿಗ್ರಾಂಗೆ ಹೋಗುವುದು

ದೊಡ್ಡ ಗುಂಪಿಗೆ, ಒಬ್ಬರಿಗೊಬ್ಬರು ಅಷ್ಟಾಗಿ ಪರಿಚಯ ಇಲ್ಲದವರಿಗೆ ಇದು ಒಳ್ಳೆಯದು. ವಾಟ್ಸಾಪ್ ಗ್ರೂಪು 1024 ಜನಕ್ಕೆ ನಿಲ್ಲುತ್ತದೆ, ಟೆಲಿಗ್ರಾಂ ಎರಡು ಲಕ್ಷದವರೆಗೆ ಹೋಗುತ್ತದೆ. ನಂಬರು ಮರೆಮಾಡಬಹುದು. ಅಡ್ಮಿನ್ ಅಳಿಸಿದರೆ ಗುರುತೇ ಉಳಿಯುವುದಿಲ್ಲ. ಒಬ್ಬ ಸದಸ್ಯನನ್ನು ತೆಗೆಯದೆಯೇ ಒಂದು ದಿನ, ಒಂದು ವಾರ ಬರೆಯದಂತೆ ತಡೆಯಬಹುದು. ನನಗೆ ಇಷ್ಟವಾದದ್ದು ಸ್ಲೋ ಮೋಡ್: ಒಬ್ಬರು ಒಂದು ಮೆಸೇಜು ಹಾಕಿದ ಮೇಲೆ ಕೆಲವು ಸೆಕೆಂಡಿನಿಂದ ಒಂದು ಗಂಟೆಯವರೆಗೆ, ನಾವು ಇಟ್ಟಷ್ಟು ಹೊತ್ತು ಕಾಯಬೇಕು. ಆ 61 ಮೆಸೇಜುಗಳಿಗೆ ಇಪ್ಪತ್ತು ನಿಮಿಷ ಸಾಕಾಗಿತ್ತು. ಹದಿನೈದು ನಿಮಿಷದ ಸ್ಲೋ ಮೋಡ್ ಇದ್ದಿದ್ದರೆ ಹತ್ತನೆಯದಕ್ಕೆ ಎಲ್ಲರಿಗೂ ನಿದ್ದೆ ಬಂದಿರುತ್ತಿತ್ತು.

ಬೈಗುಳ ಹಿಡಿದು ತಾನೇ ಅಳಿಸುವ ಪ್ರೋಗ್ರಾಂ, ಅಂದರೆ ಬಾಟ್, ಹಾಕಬಹುದು ಅಂತ ನಮ್ಮ ಹುಡುಗನೊಬ್ಬ ಹಾಕಿಯೂ ನೋಡಿದ. ಕನ್ನಡಕ್ಕೆ ಅದು ದಂಡ. "ಕಳ್ಳ" ಅನ್ನುವ ಒಂದೇ ಪದವನ್ನು ನಮ್ಮ ಜನ ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಲ್ ಹಾಕಿ, ಎರಡು ಹಾಕಿ, ಕೊನೆಗೆ ಎರಡು ಎ ಎಳೆದು, ಮಧ್ಯೆ ಚುಕ್ಕಿ ಇಟ್ಟು ಬರೆಯುತ್ತಾರೆ. "ಮೈಗಳ್ಳ" ಅಂತ ಮೊಮ್ಮಗನನ್ನು ಮುದ್ದಾಗಿ ಬೈದ ಅಜ್ಜನ ಮೆಸೇಜನ್ನು ಬಾಟ್ ನುಂಗಿತು, "ಹರಿಶ್ಚಂದ್ರರು" ಮಾತ್ರ ರಾಜಾರೋಷವಾಗಿ ದಾಟಿಹೋದರು.

ಮುಖ್ಯ ಅಡಚಣೆ ಬೇರೆ: ಜನ ಬರುವುದಿಲ್ಲ. ನಮ್ಮಲ್ಲಿ ಟೆಲಿಗ್ರಾಂ ಗ್ರೂಪಿಗೆ ಬಂದದ್ದು 19 ಮನೆ, ಅದೂ ಬೈಯದವರೇ.

ದೂರಿಗೆ ಬೇರೆ ಜಾಗ ಕೊಡುವುದು

ನಮ್ಮ ಒಂದು ವರ್ಷದ ದೊಡ್ಡ ಜಗಳಗಳನ್ನು ನಾನೊಮ್ಮೆ ಕೂತು ನೋಡಿದೆ. ಬಹುಪಾಲು ಶುರುವಾಗಿದ್ದು ಉತ್ತರ ಸಿಗದ ಸಾಮಾನ್ಯ ದೂರಿನಿಂದ. ಲೈಟ್ ಇಲ್ಲ, ಕಸ ಎತ್ತಿಲ್ಲ, ಬಿಲ್ ಹಾಕಿಲ್ಲ. ಮೂರನೇ ಸಲ ಕೇಳಿದಾಗ "ನೀನು" ಬರುತ್ತದೆ.

ಇದಕ್ಕೆ ಮೈಗೇಟ್, ನೋಬ್ರೋಕರ್‌ಹುಡ್, ಅಡ್ಡಾ ತರಹದ ಆ್ಯಪ್‌ಗಳಲ್ಲಿ ದೂರು ದಾಖಲಿಸುವ ವಿಭಾಗ ಇದೆ. ದೂರಿಗೆ ನಂಬರು, ಯಾರ ಕೈಯಲ್ಲಿದೆ, ಮುಗಿಯಿತೇ ಇಲ್ಲವೇ, ಎಲ್ಲ ಕಾಣುತ್ತದೆ. ಇನ್ನೂರು ಮುನ್ನೂರು ಮನೆಯ, ಮ್ಯಾನೇಜರ್ ಇಟ್ಟುಕೊಂಡ ಅಪಾರ್ಟ್‌ಮೆಂಟಿಗೆ ಇದಕ್ಕೆ ದುಡ್ಡು ಹಾಕುವುದು ದಂಡವಲ್ಲ. ಸಣ್ಣ ಬಡಾವಣೆಗೆ ನಲವತ್ತು ರೂಪಾಯಿಯ ಉದ್ದನೆ ನೋಟ್‌ಬುಕ್ ಸಾಕು. ನಮ್ಮದು ಗೇಟಿನ ಸೆಕ್ಯೂರಿಟಿ ಮೇಜಿನ ಮೇಲೆ ದಾರ ಕಟ್ಟಿದ ಪೆನ್ನಿನ ಜೊತೆ ಇದೆ. ಎಡಗಡೆ ದೂರು, ಬಲಗಡೆ ಸಮಿತಿಯ ಉತ್ತರ ಮತ್ತು ತಾರೀಕು. ಟ್ಯಾಂಕರ್ ಚೀಟಿಗಳ ಫೋಟೋ ಈಗ ಪ್ರತಿ ಶನಿವಾರ ಪ್ರಕಟಣೆಯಲ್ಲಿ ಬರುತ್ತದೆ. ಮೇಲೆ ಹೇಳಿದ ಯಾವ ಬಟನ್ನಿಗಿಂತಲೂ ಈ ಶನಿವಾರದ ಫೋಟೋ ಹೆಚ್ಚು ಕೆಲಸ ಮಾಡಿದೆ.

ಆದರೆ ಇದು ನಿಜವಾದ ದೂರು ಇರುವವರಿಗೆ ಮದ್ದು. ಹಳೇ ದ್ವೇಷ, ಸೈಟಿನ ಗಡಿ ಜಗಳ, ಚುನಾವಣೆಯಲ್ಲಿ ಸೋತ ಸಿಟ್ಟು ನೋಟ್‌ಬುಕ್ಕಿನಲ್ಲಿ ಕರಗುವುದಿಲ್ಲ.

ಗ್ರೂಪಿನಿಂದ ತೆಗೆಯುವುದು

ತೆಗೆದಾಗ ಇಂಥವರು ಇಂಥವರನ್ನು ತೆಗೆದರು ಅಂತ ಎಲ್ಲರಿಗೂ ಕಾಣಿಸುತ್ತದೆ. ನಮ್ಮ ಸಮಾಜದಲ್ಲಿ ಅದು ಬಹಿಷ್ಕಾರದ ಹಾಗೆ ಕಾಣುತ್ತದೆ, ಹೊರಗೆ ಹೋದವರ ಹೆಂಡತಿ ಮಕ್ಕಳಿಗೂ ಅದರ ಬಿಸಿ ತಟ್ಟುತ್ತದೆ. ಕುಟುಂಬದ ಗ್ರೂಪಿನಲ್ಲಿ ಇದನ್ನು ಮಾಡಲೇಬೇಡಿ. ನಮ್ಮ ಸೋದರತ್ತೆ ಮಗಳು ಚಿಕ್ಕಪ್ಪನನ್ನು ತೆಗೆದದ್ದಕ್ಕೆ ಒಂದು ನಾಮಕರಣ ಎರಡು ಕಡೆ ಹಂಚಿಹೋಯಿತು.

ನಿವಾಸಿಗಳ ಸಂಘಕ್ಕೆ ಇನ್ನೊಂದು ತೊಡಕಿದೆ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇರಲಿ, 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಇರಲಿ, ವಾಟ್ಸಾಪ್ ಗ್ರೂಪಿನಿಂದ ಹೊರಗಾದ ಮನುಷ್ಯ ಸಂಘದ ಸದಸ್ಯತ್ವದಿಂದ ಹೊರಗಾಗುವುದಿಲ್ಲ. ಸಭೆಯ ನೋಟಿಸನ್ನು ಗ್ರೂಪಿನಲ್ಲಿ ಮಾತ್ರ ಹಾಕುವ ಅಭ್ಯಾಸವಿದ್ದರೆ "ನನಗೆ ನೋಟಿಸೇ ಬಂದಿಲ್ಲ" ಅಂತ ಆತ ಇಡೀ ಸಭೆಯನ್ನೇ ಪ್ರಶ್ನಿಸಲು ನೀವೇ ದಾರಿ ಮಾಡಿಕೊಟ್ಟ ಹಾಗೆ. ತೆಗೆಯುವುದಾದರೆ ಹರಟೆ ಗ್ರೂಪಿನಿಂದ ಮಾತ್ರ, ದಿನ ಗೊತ್ತುಮಾಡಿ, ಸಮಿತಿಯ ನಿರ್ಣಯ ಬರೆದು. ನಮ್ಮಲ್ಲಿ ಮೊದಲ ಸಲ ಎಚ್ಚರಿಕೆ, ಎರಡನೇ ಸಲ 15 ದಿನ. ಎರಡು ವರ್ಷದಲ್ಲಿ ಇಬ್ಬರಿಗೆ 15 ದಿನ ಆಗಿದೆ.

ಹೆಣ್ಣುಮಕ್ಕಳ ಬಗ್ಗೆ ಅಶ್ಲೀಲವಾಗಿ ಬರೆದರೆ, ಜಾತಿ ಹಿಡಿದು ಬೈದರೆ, ಹೊಡೆಯುವ ಬೆದರಿಕೆ ಹಾಕಿದರೆ ಮಾತ್ರ ಈ ಮೆಟ್ಟಿಲುಗಳಿಲ್ಲ. ಮೊದಲು ಹರಟೆ ಗ್ರೂಪಿನಿಂದ ತೆಗೆಯಿರಿ, ಮಾತುಕತೆ ಆಮೇಲೆ.

ಪೊಲೀಸು, ಕೋರ್ಟು

ಕರೆ ಮಾಡಿದವರೆಲ್ಲರೂ ಕೇಳುವ ಪ್ರಶ್ನೆ ಇದು, ಅದೂ ಸುಳ್ಳು ಧೈರ್ಯದಲ್ಲಿ. "66ಎ ಹಾಕಿ ಒಳಗೆ ಕೂರಿಸ್ತೀವಿ" ಅನ್ನುವವರು ಈಗಲೂ ಸಿಗುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿದೆ.

ಬರೀ ಮಾನಹಾನಿಯಾದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಇದೆ. ಎರಡು ವರ್ಷದವರೆಗೆ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಆದರೆ ಸ್ಟೇಷನ್‌ನಲ್ಲಿ ಇದಕ್ಕೆ ನೇರವಾಗಿ ಎಫ್‌ಐಆರ್ ಆಗುವುದಿಲ್ಲ. ವಕೀಲರನ್ನು ಹಿಡಿದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖಾಸಗಿ ದೂರು ಹಾಕಬೇಕು. ವಕೀಲರ ಫೀಸು, ವರ್ಷಗಟ್ಟಲೆ ವಾಯಿದೆ, ಅದರ ಜೊತೆಗೆ ಗೇಟಿನಲ್ಲಿ ದಿನಾ ಅದೇ ಮುಖ. ಎರಡನೇ ಮಹಡಿಯ ಮಾತಿಗೆ ಇದು ಹೆಚ್ಚಾಯಿತು ಅಂತ ಮೇಷ್ಟ್ರೇ ಹೇಳಿದರು.

ಬೆದರಿಕೆ, ಹೆಣ್ಣುಮಕ್ಕಳ ಹಿಂದೆ ಬೀಳುವುದು, ಜಾತಿ ನಿಂದನೆಯಾದರೆ ಲೆಕ್ಕಾಚಾರ ಬೇಡ. ಠಾಣೆಗೆ ಹೋಗಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. 1930 ಸಹಾಯವಾಣಿ ಇರುವುದು ಮುಖ್ಯವಾಗಿ ಹಣ ಕಳಕೊಂಡವರಿಗೆ. ಯಾವ ದಾರಿ ಹಿಡಿದರೂ ಮೂಲ ಮೆಸೇಜು ಇರುವ ಫೋನನ್ನು ಹಾಗೇ ಇಟ್ಟುಕೊಳ್ಳಿ, ಚಾಟ್ ಎಕ್ಸ್‌ಪೋರ್ಟ್ ಮಾಡಿ. ಕೋರ್ಟಿನಲ್ಲಿ ಡಿಜಿಟಲ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಅಂದರೆ ಅದು ಯಾವ ಫೋನಿನಿಂದ ಹೇಗೆ ಬಂತು ಅಂತ ದೃಢೀಕರಿಸುವ ಪತ್ರ, ಬೇಕಾಗುತ್ತದೆ, ಯಾರೋ ಫಾರ್ವರ್ಡ್ ಮಾಡಿದ ಸ್ಕ್ರೀನ್‌ಶಾಟ್ ನೆಚ್ಚಿಕೊಳ್ಳಬೇಡಿ.

ಇನ್ನು ಅಡ್ಮಿನ್‌ಗಳ ಭಯ: ಸದಸ್ಯ ಬರೆದದ್ದಕ್ಕೆ ನನ್ನನ್ನು ಹಿಡಿಯುತ್ತಾರಾ? ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ, ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಅಂದ ಮಾತ್ರಕ್ಕೆ ಹೊಣೆ ಆಗುವುದಿಲ್ಲ ಅಂತ ಹೇಳಿವೆ. ಅಡ್ಮಿನ್ ಕೈಯೂ ಅದರಲ್ಲಿ ಸೇರಿದ್ದರೆ ಅದು ಬೇರೆ ಮಾತು.

ಹಾಗಾದರೆ ಯಾವುದು?

ಕುಟುಂಬದ ಗ್ರೂಪಾದರೆ ಸುಮ್ಮನಿರುವುದು, ಮುಂದುವರಿದರೆ ಫೋನು. ಅಡ್ಮಿನ್ ಅಧಿಕಾರವನ್ನು ಮನೆಯಲ್ಲಿ ಎಲ್ಲರೂ ಮಾತು ಕೇಳುವ ಅತ್ತೆಗೋ ದೊಡ್ಡಮ್ಮನಿಗೋ ಕೊಟ್ಟುಬಿಡಿ, ಅವರಿಗೆ ಬಟನ್ ಒತ್ತಲು ಬಾರದಿದ್ದರೂ ಪರವಾಗಿಲ್ಲ. ಶಾಲೆಯ ಗ್ರೂಪಾದರೆ ಅಡ್ಮಿನ್ ಮಾತ್ರ. ನೂರು ಮನೆಯೊಳಗಿನ ಬಡಾವಣೆಯಾದರೆ ಒಂದೇ ಗ್ರೂಪು, ಅಳಿಸಿ ಕಾರಣ ಬರೆಯುವುದು, ಫೋನು, ಗೇಟಿನ ನೋಟ್‌ಬುಕ್ಕು. ಒಟ್ಟು ಖರ್ಚು ನಲವತ್ತು ರೂಪಾಯಿ. ಇನ್ನೂರು ದಾಟಿದ ಅಪಾರ್ಟ್‌ಮೆಂಟಿಗೆ ಕಮ್ಯೂನಿಟಿ ಮತ್ತು ದೂರಿನ ಆ್ಯಪ್ ಎರಡೂ ಬೇಕು, ಅಡ್ಮಿನ್ ಕೆಲಸಕ್ಕೆ ಸರದಿಯೂ ಬೇಕು. ಊರೂರು ಹಂಚಿಹೋದ ಹಳೆ ವಿದ್ಯಾರ್ಥಿಗಳಿಗೆ, ಹೊರದೇಶದ ಕನ್ನಡ ಕೂಟದ ದೊಡ್ಡ ಗ್ರೂಪಿಗೆ ಟೆಲಿಗ್ರಾಂ ಮತ್ತು ಸ್ಲೋ ಮೋಡ್ ಹೊಂದುತ್ತದೆ, ಅಲ್ಲಿ ತೆಗೆಯುವುದಕ್ಕೂ ಅಷ್ಟು ಹಿಂಜರಿಯಬೇಕಾಗಿಲ್ಲ.

ಪಕ್ಕದ ಬಡಾವಣೆಯವರಿಗೆ ನಾನು ಹೇಳಿದ್ದು ಮೂರು. ಆ ಮನುಷ್ಯನನ್ನು ಈಗಲೇ ತೆಗೆಯಬೇಡಿ. ಅವರು ಏನು ಕೇಳಿದ್ದರು ಅಂತ ಮೊದಲು ಹುಡುಕಿ, ಬೈಗುಳ ಬರುವುದಕ್ಕಿಂತ ಹಿಂದಿನ ಮೂರು ಮೆಸೇಜು ಓದಿ. ಮೂರನೆಯದಾಗಿ, ಅಡ್ಮಿನ್ ನೀವೊಬ್ಬರೇ ಇರಬೇಡಿ. ಸಮಿತಿಯವರು ಅಳಿಸಿದರೆ ಸಮಿತಿ ತನ್ನನ್ನು ಕಾಪಾಡಿಕೊಂಡಿತು ಅನ್ನುತ್ತಾರೆ, ಸಮಿತಿಯನ್ನು ಟೀಕಿಸುವವರೊಬ್ಬರು ಅಳಿಸಿದರೆ ಯಾರೂ ಏನೂ ಅನ್ನುವುದಿಲ್ಲ.

"ಅಂಥವರನ್ನ ಎಲ್ಲಿ ಹುಡುಕಲಿ ಮೇಡಂ?" ಅಂದರು. ನಮ್ಮ ಎರಡನೇ ಅಡ್ಮಿನ್ ಆ ರಾತ್ರಿ ಥಂಬ್ಸ್ ಅಪ್ ಒತ್ತಿದ ಮೂವರಲ್ಲಿ ಒಬ್ಬರು.